ಲೆಕ್ಕದಿಂದ ಹುಟ್ಟುವ ನಾದ

ವಾಡಿ, ಶಹಾಬಾದಗಳ ಬೇಸಿಗೆಯ ಧಗೆಯನ್ನು ತಾವು ಬಲ್ಲಿರಿ. ಹಳೆಯ ಅನಲಾಗ್ ಸಿಂಥಸೈಜರಿನಲ್ಲಿ ವಿದ್ಯುನ್ಮಂಡಲವೇ ಸ್ವರ ಹುಟ್ಟಿಸುವುದರಿಂದ, ಅಂಥ ಶಾಖಕ್ಕೆ ಶ್ರುತಿ ಜರುಗುವುದು. 1995ರಲ್ಲಿ ಸ್ವೀಡನ್ನಿನಿಂದ ಬಂದ ‘ನಾರ್ಡ್ ಲೀಡ್’ ವಾದ್ಯವು ಆ ಮಂಡಲದ ಕೆಲಸವನ್ನು ಗಣಿತದಿಂದ ಅನುಕರಿಸಿತು. ಈ ಬಗೆಯ ವಾದ್ಯಕ್ಕೆ ‘ವರ್ಚುಯಲ್ ಅನಲಾಗ್’ ಎಂದು ಹೆಸರು.

ಇದರ ಗುಣವೇನು? ಧಗೆಗೆ ಶ್ರುತಿ ಕದಲದು. ಒಮ್ಮೆ ಹೊಂದಿಸಿದ ನಾದವನ್ನು ನೆನಪಿನಲ್ಲಿಟ್ಟು, ಬೇಕಾದಾಗ ಮರಳಿ ಕೊಡುವುದು.

ದೋಷವೂ ಉಂಟು. ನಾದವನ್ನು ಬಿಡಿಬಿಡಿ ಅಂಕಿಗಳಾಗಿ ಎಣಿಸುವುದರಿಂದ, ಅತಿ ಎತ್ತರದ ಸ್ವರಗಳಲ್ಲಿ ನಾವು ನುಡಿಸದ ಅಪಸ್ವರವೂ ನುಸುಳಬಹುದು. ಭಜನೆಯ ಹಾರ್ಮೋನಿಯಮ್ಮಿನ ರೀಡು ಶ್ರುತಿ ತಪ್ಪಿದರೆ ಕೆರೆದು ಸರಿಪಡಿಸಬಹುದು. ಇದರ ಚಿಪ್ಪು ಕೆಟ್ಟರೆ ಹೊಸದನ್ನೇ ಹುಡುಕಬೇಕು. ಕರೆಂಟು ಹೋದರಂತೂ ಮೌನ.

ಆದುದರಿಂದ, ಮಕ್ಕಳಿಗೆಂದು ಕೊಳ್ಳುವ ಮುನ್ನ ಮೇಲಿನ ಮನೆಗಳನ್ನು ಒತ್ತಿ ಕೇಳಿರಿ. ತಮ್ಮ ಕಿವಿಯೇ ಪರೀಕ್ಷಕ.