ಆರು ಭಂಡಾರಿಗಳು ಮತ್ತು ನಮ್ಮೂರ ಲೈಬ್ರರಿ ಅಕ್ಕ

ಹಾನಗಲ್ಲಿನ ಪೇಟೆಯಲ್ಲಿ ಔಷಧಿ ಅಂಗಡಿಯ ಮುಂದೆ ನಿಂತರೆ ಗಲ್ಲಾದ ಹಿಂದಿನ ಗೋಡೆಯಲ್ಲಿ ಗಾಜಿನ ಚೌಕಟ್ಟೊಂದು ಕಾಣುತ್ತದೆ. ಒಳಗೆ ಫಾರ್ಮಸಿಸ್ಟ್ ಒಬ್ಬರ ಹೆಸರು, ನೋಂದಣಿ ಸಂಖ್ಯೆ. 1948ರ ಫಾರ್ಮಸಿ ಕಾಯ್ದೆ ತಂದುಕೊಟ್ಟ ಚೌಕಟ್ಟು ಅದು. ಕೋರ್ಟಿನಲ್ಲಿ ಕರಿಕೋಟು ತೊಟ್ಟು ವಾದಿಸಬೇಕಾದರೆ 1961ರ ಕಾಯ್ದೆಯಂತೆ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರಬೇಕು. ಸರಕಾರಿ ದವಾಖಾನೆಯ ನರ್ಸ್‌ಗೂ ನೋಂದಣಿ ಸಂಖ್ಯೆ ಉಂಟು. ಅದೇ ಪೇಟೆಯ ಗ್ರಂಥಾಲಯಕ್ಕೆ ಹೋಗಿ ನೋಡಿ: ಗೋಡೆಯ ಮೇಲೆ ಗಾಂಧಿ, ಅಂಬೇಡ್ಕರ್, ಕುವೆಂಪು, ಬೇಂದ್ರೆ, ತೆರೆಯುವ ಮುಚ್ಚುವ ವೇಳೆಯ ಫಲಕ. ಅಲ್ಲಿ ಕೂತು ನಮಗೆ ಪುಸ್ತಕ ಕೊಡುವವರ ನೋಂದಣಿ ಪತ್ರ ಇರುವುದಿಲ್ಲ. ಅವರು ತೂಗುಹಾಕಲು ಮರೆತಿದ್ದಾರೆ ಎಂದಲ್ಲ. ಗ್ರಂಥಪಾಲಕರನ್ನು ನೋಂದಾಯಿಸುವ ಶಾಸನಬದ್ಧ ಪರಿಷತ್ತು ಭಾರತದಲ್ಲಿ ಇಂದಿಗೂ ಇಲ್ಲ.

ಈ ಕೆಲಸವನ್ನು ವೃತ್ತಿಯೆಂದು ಗುರುತಿಸುವುದು ಕನ್ನಡ ನಾಡಿಗೆ ಹೊಸದಾಗಿದ್ದರೆ ಮಾತು ಬೇರೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆಯ ಕಾಲ. ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ಇವರಿಗೆ ಪಾಠ ಹೇಳುವವರ ಲೆಕ್ಕ ಕೊಟ್ಟಂತೆಯೇ ಪುಸ್ತಕ ನೋಡಿಕೊಳ್ಳುವವರ ಲೆಕ್ಕವನ್ನೂ ಶಾಸನ ಕೊಡುತ್ತದೆ: ಆರು ಜನ ಸರಸ್ವತಿ ಭಂಡಾರಿಗರು. ಅವರ ಜೀವನಕ್ಕೆ ಭೂಮಿಯನ್ನೂ ಬಿಟ್ಟುಕೊಡಲಾಗಿತ್ತು. 252 ಓದುಗರಿಗೆ ಆರು ಗ್ರಂಥಪಾಲಕರು! ಇಂದು ನಾಲ್ಕೈದು ಹಳ್ಳಿಗಳ ಪಂಚಾಯಿತಿಗೆ ಒಬ್ಬರೇ ಇರುವುದನ್ನು ನೆನೆದಾಗ ಈ ಸಂಖ್ಯೆಯನ್ನು ನಾನು ಇನ್ನೊಮ್ಮೆ ಓದುತ್ತೇನೆ.

ಆಧುನಿಕ ಕಾಲದಲ್ಲಿ ಈ ವೃತ್ತಿಗೆ ನಮ್ಮಲ್ಲಿ ರೂಪ ಕೊಟ್ಟವರು ಎಸ್.ಆರ್. ರಂಗನಾಥನ್. ಅವರ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಅವರು ಏನೂ ತಿಳಿಯದೆ ಈ ಕುರ್ಚಿಗೆ ಬಂದು ಕೂತರು ಎಂಬುದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು 1924ರ ಜನವರಿಯಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಗತಿಯ ಗದ್ದಲದಲ್ಲಿ ಬಾಳಿದ ಮನುಷ್ಯನಿಗೆ ಆ ಮೌನ ಸಹಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ ಹಳೆಯ ಕೆಲಸವನ್ನೇ ಕೊಡಿ ಎಂದು ಕೇಳಿದರು. ಮೊದಲು ಲಂಡನ್ನಿಗೆ ಹೋಗಿ ತರಬೇತಿ ಮುಗಿಸಿ ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಉತ್ತರ ಬಂತು. ಹೋದರು. ಅಲ್ಲಿ ಬರ್ವಿಕ್ ಸೇಯರ್ಸ್ ಎಂಬ ಗುರು ಸಿಕ್ಕರು, ಇಂಗ್ಲೆಂಡಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂಲಿಯವರೂ ಮಕ್ಕಳೂ ಕೂತು ಓದುವುದು ಕಂಡಿತು. ತಿರುಗಿ ಬಂದಮೇಲೆ ಗಣಿತದ ಮಾತೇ ಇಲ್ಲ. 1929ರಲ್ಲಿ ಮದರಾಸಿನಲ್ಲಿ ಗ್ರಂಥಪಾಲಕರಿಗೆ ತರಬೇತಿ ಶುರುವಾಯಿತು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರ, 1933ರಲ್ಲಿ ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣ. ಒಂದು ತರಬೇತಿ ಒಬ್ಬ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಕೊನೆಯ ಹದಿನೈದು ವರ್ಷ ಅವರು ಬೆಂಗಳೂರಿನವರು. 1962ರಲ್ಲಿ ಅಲ್ಲಿ ಡಿಆರ್‌ಟಿಸಿ ತರಬೇತಿ ಕೇಂದ್ರ ಕಟ್ಟಿದರು. ಅದೇ 1962ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗ ತೆರೆಯಿತು. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಎಲ್ಲ ಆಗ ಧಾರವಾಡ ಜಿಲ್ಲೆಯೊಳಗೇ ಇದ್ದವು; ಹಾವೇರಿ ಬೇರೆಯಾದದ್ದು 1997ರಲ್ಲಿ. ಈ ಭಾಗದ ಮಕ್ಕಳು ಗ್ರಂಥಾಲಯದ ಡಿಗ್ರಿಗಾಗಿ ಮದರಾಸಿಗೋ ಮುಂಬಯಿಗೋ ಹೋಗಬೇಕಾದ ಕಾಲ ಅಲ್ಲಿಗೆ ಮುಗಿಯಿತು.

ಕಾನೂನು ಮಾತ್ರ ಈ ಸೀಮೆಗೆ ತಡವಾಗಿ ಬಂತು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಮಂಗಳೂರಿನ ಕಡೆಗೆ 1948ರ ಗ್ರಂಥಾಲಯ ಕಾಯ್ದೆ ಸಿಕ್ಕಿತ್ತು, ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಕಡೆಗೆ 1955ರ ಹೈದರಾಬಾದ್ ಕಾಯ್ದೆ. ಮುಂಬಯಿ ಪ್ರಾಂತದಲ್ಲಿದ್ದ ನಾವು ಗ್ರಂಥಾಲಯಗಳ ಬಗ್ಗೆ ಫೈಜಿ ಸಮಿತಿ ಕೊಟ್ಟ ವರದಿಯೊಂದನ್ನು ಇಟ್ಟುಕೊಂಡು ಕೂತಿದ್ದೆವು. ಏಕೀಕರಣವಾಗಿ ಒಂಬತ್ತು ವರ್ಷದ ಮೇಲೆ, 1965ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬಂತು. ಮರುವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆ ಹುಟ್ಟಿತು. ಮನೆ ಕಂದಾಯದ ರಸೀದಿಯಲ್ಲಿ 'ಗ್ರಂಥಾಲಯ ಕರ' ಎಂಬ ಸಾಲು ಈ ಕಾಯ್ದೆಯದೇ. ಈಗ ಅದು ರೂಪಾಯಿಗೆ 6 ಪೈಸೆ. ಪುಸ್ತಕಕ್ಕೆ, ಕಟ್ಟಡಕ್ಕೆ, ಪ್ರಾಧಿಕಾರಕ್ಕೆ ಕಾಯ್ದೆಯಲ್ಲಿ ದಾರಿ ಇದೆ. ಗ್ರಂಥಪಾಲಕ ಸೇವೆಗೆ ಸೇರಿದಮೇಲೆ ಪ್ರತಿ ಕೆಲವು ವರ್ಷಕ್ಕೊಮ್ಮೆ ಹೊಸದೇನು ಕಲಿಯಬೇಕು ಎಂಬ ಮಾತು ಇಲ್ಲ.

ಡಿಗ್ರಿ ಕಾಲೇಜಿನ ಗ್ರಂಥಪಾಲಕರ ಸ್ಥಿತಿ ಬೇರೆ. ಯುಜಿಸಿ ನಿಯಮದಂತೆ ಎನ್ಇಟಿಯಂಥ ಅರ್ಹತೆ ಬೇಕು, ಬಡ್ತಿ ಬೇಕೆಂದರೆ ಪುನಶ್ಚೇತನ ಶಿಬಿರ ಮುಗಿಸಬೇಕು. ಅವರ ಕಲಿಕೆಗೂ ಸಂಬಳಕ್ಕೂ ನಂಟಿದೆ. ಹಳ್ಳಿಯ ಗ್ರಂಥಾಲಯಕ್ಕೆ ಬಂದರೆ ಹುದ್ದೆಯ ಹೆಸರೇ 'ಮೇಲ್ವಿಚಾರಕರು'. ಗ್ರಂಥಪಾಲಕ ಎಂಬ ಪದವನ್ನು ಅವರಿಗೆ ಕೊಡಲೇ ಇಲ್ಲ. ಹತ್ತನೆಯತ್ತೆ ಪಾಸಾದವರನ್ನು ತಿಂಗಳ ಗೌರವಧನಕ್ಕೆ ತೆಗೆದುಕೊಂಡ ಕಾಲ ಬಹಳ ದೀರ್ಘವಾಗಿತ್ತು. ರಾಜ್ಯದಲ್ಲಿ ಇಂಥ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 5,600ಕ್ಕೂ ಹೆಚ್ಚು. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗೆ ಬೀಗ ಬಿದ್ದಾಗ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಈಗ ಹೆಸರು 'ಅರಿವು ಕೇಂದ್ರ'.

ಹೆಸರು ಬದಲಾದಂತೆ ಕೆಲಸವೂ ಬೆಳೆಯಿತು. ಮೊದಲು ಪೇಪರ್ ಹರವಿಡುವುದು, ಪುಸ್ತಕ ಬಂದಾಗ ಮೊಹರು ಹೊಡೆದು ಆಕ್ಸೆಶನ್ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು, ಕೊಟ್ಟದ್ದು ತಿರುಗಿ ಬಂತೇ ಎಂದು ನೋಡುವುದು. ಈಗ ಕಂಪ್ಯೂಟರ್ ಬಂದಿದೆ, ಡಿಜಿಟಲ್ ಗ್ರಂಥಾಲಯದ ಖಾತೆ ತೆರೆಸಬೇಕು, ಮಕ್ಕಳಿಗೆ ಕಥೆ ಓದಿಸಬೇಕು, ಚೆಸ್ ಆಡಿಸಬೇಕು, ಸಂವಿಧಾನದ ಪೀಠಿಕೆ ಓದಿಸಬೇಕು. ನಡುವೆ ಒಬ್ಬ ಹುಡುಗ ಬಾಗಿಲಲ್ಲಿ ನಿಂತು, "ಅಕ್ಕಾರ, ನಮ್ಮಪ್ಪಂದು ಬೆಳೆವಿಮಿ ಅರ್ಜಿ ಏನಾತು ನೋಡಿ ಹೇಳ್ರಿ" ಅನ್ನುತ್ತಾನೆ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗಿಗೆ ಹೋದ ವರ್ಷದ ಪ್ರಶ್ನೆಪತ್ರಿಕೆ ಬೇಕು. ಓದುಗನ ಕೈಗೆ ಅವನಿಗೆ ಬೇಕಾದದ್ದನ್ನು ತಡವಿಲ್ಲದೆ ಮುಟ್ಟಿಸು ಎಂದು ರಂಗನಾಥನ್ ಕಲಿಸಿದ್ದು ಇದನ್ನೇ. ಲೈಬ್ರರಿ ಅಕ್ಕ ಅದನ್ನು ದಿನಾಲೂ ಮಾಡುತ್ತಾಳೆ, ಹೆಚ್ಚಿನದನ್ನು ತಾನೇ ಕಲಿತುಕೊಂಡು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿಗಳು ಈಚಿನ ವರ್ಷಗಳಲ್ಲಿ ಅವಳನ್ನು ಮುಟ್ಟಿವೆ, ಅದು ಸಂತೋಷ. ಹೊಸ ನೇಮಕಾತಿಗೆ ಪಿಯುಸಿ, ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸು, ಮೂರು ತಿಂಗಳ ಕಂಪ್ಯೂಟರ್ ಕಲಿಕೆ ಕೇಳುತ್ತಾರೆ, ಅದೂ ಸರಿಯಾದದ್ದೇ. ಆದರೆ ಇವೆಲ್ಲ ಬಾಗಿಲಲ್ಲಿ ಕೇಳುವ ಚೀಟಿ. ಒಳಗೆ ಬಂದು ಇಪ್ಪತ್ತು ವರ್ಷ ದುಡಿದವಳು ಏನೇನು ಕಲಿತಳು ಎಂಬುದನ್ನು ಬರೆದಿಡುವ ಪುಸ್ತಕ ಎಲ್ಲಿಯೂ ಇಲ್ಲ.

ಬೇರೆ ದೇಶಗಳು ಈ ಪುಸ್ತಕವನ್ನು ಬಗೆಬಗೆಯಾಗಿ ತೆರೆದಿವೆ. ಬ್ರಿಟನ್ನಿನಲ್ಲಿ 1877ರಲ್ಲಿ ಹುಟ್ಟಿದ ಗ್ರಂಥಾಲಯ ಸಂಘಕ್ಕೆ 1898ರಲ್ಲಿ ರಾಜಸನದು (ಚಾರ್ಟರ್) ಸಿಕ್ಕಿತು. ಮುಂದೆ 'ಚಾರ್ಟರ್ಡ್ ಲೈಬ್ರರಿಯನ್' ಎಂಬ ಮಾತು ಬಳಕೆಗೆ ಬಂತು. ಫಿಲಿಪೈನ್ಸ್ 1990ರಲ್ಲಿ ಕಾಯ್ದೆಯನ್ನೇ ಮಾಡಿ, ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರೇ ಗ್ರಂಥಪಾಲಕರು ಎಂದಿತು. ನನಗೆ ಹಿಡಿಸಿದ್ದು ನ್ಯೂಜಿಲೆಂಡಿನ ದಾರಿ. ಅಲ್ಲಿನ ಸಂಘ 2007ರಲ್ಲಿ ನೋಂದಣಿ ಶುರು ಮಾಡಿತು. ಯಾರ ಮೇಲೂ ಬಲವಂತವಿಲ್ಲ. ನೋಂದಾಯಿಸಿಕೊಂಡವರು ತಾವು ಕಲಿತದ್ದನ್ನು ದಿನಚರಿಯಂತೆ ಬರೆದಿಟ್ಟು ಮೂರು ವರ್ಷಕ್ಕೊಮ್ಮೆ ತೋರಿಸಬೇಕು. ಕಲಿಯಬೇಕಾದ ವಿಷಯಗಳಲ್ಲಿ ನೆಲದ ಮೂಲಜನರಾದ ಮಾವೊರಿಗಳ ಅರಿವಿನ ಕ್ರಮವೂ ಒಂದು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಬಳಸುವ 'ಕೋಹಾ' ಎಂಬ ಗ್ರಂಥಾಲಯ ತಂತ್ರಾಂಶವೂ ಆ ದೇಶದ್ದೇ, ಆ ಹೆಸರಿಗೆ ಮಾವೊರಿಯಲ್ಲಿ ಉಡುಗೊರೆ ಎಂದು ಅರ್ಥ.

ನೋಂದಣಿ ಎಂದ ಕೂಡಲೇ ಹಳ್ಳಿಯ ಮೇಲ್ವಿಚಾರಕರಿಗೆ ಭಯವಾಗುವುದು ಸಹಜ. ಡಿಗ್ರಿ ಇಲ್ಲದವರನ್ನು ಹೊರಗೆ ಹಾಕಲು ಇದೊಂದು ನೆವವಾದೀತು ಎಂಬ ಅಂಜಿಕೆಗೆ ಕಾರಣವೂ ಇದೆ. ಫಿಲಿಪೈನ್ಸ್ ಮಾದರಿ ಇಲ್ಲಿ ತಂದರೆ ಹಾಗೆಯೇ ಆಗುತ್ತದೆ, ಅದು ನನಗೆ ಬೇಡ. ದುಡಿಯುತ್ತಿರುವವರನ್ನು ಇದ್ದಂತೆಯೇ ಪಟ್ಟಿಗೆ ಸೇರಿಸಿಕೊಂಡು, ಅಲ್ಲಿಂದ ಮುಂದೆ ಕಲಿತದ್ದನ್ನು ಬರೆಯುತ್ತ ಹೋಗುವ ಪಟ್ಟಿ ಬೇಕು. ಮಾಸ್ತರಿಕೆಯನ್ನು ನೋಡಿ: ತತ್ವಪದಕಾರ ಶಿಶುವಿನಹಾಳದ ಷರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆಯಲ್ಲಿ ಕಲಿಸಿದವರು. ಕನ್ನಡ ಶಾಲೆಯ ಮಾಸ್ತರಿಕೆಗೆ ಅವರ ಕಾಲದಲ್ಲೇ ಒಂದು ಕಾಗದ, ಒಂದು ಗೌರವ ಇತ್ತು. ಪುಸ್ತಕ ಕೊಡುವವರಿಗೆ ಅದು ಬಾರದೆ ಉಳಿದದ್ದಕ್ಕೆ ನಾವು ಆ ಕೆಲಸವನ್ನು ಬೀಗ ತೆಗೆದು ಬೀಗ ಹಾಕುವ ಕೆಲಸ ಎಂದುಕೊಂಡದ್ದೇ ಕಾರಣ.

ಇಷ್ಟಕ್ಕೂ ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಗ್ರಂಥಪಾಲಕರು ಕಲಿಯಬೇಕಾದದ್ದು ಧಾರವಾಡದ ಸಿಲೆಬಸ್ಸಿನಲ್ಲಿ ಇರುವುದಷ್ಟೇ ಅಲ್ಲ. ಹಿರೇಕೆರೂರಿನ ಅಬಲೂರಲ್ಲಿ ಶರಣ ಏಕಾಂತದ ರಾಮಯ್ಯನ ಕಥೆ ಕಲ್ಲಿನ ಮೇಲಿದೆ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಕಟ್ಟಿ ಓಲೆಗರಿಗಳನ್ನು ಕೂಡಿಹಾಕಿದರು. ಓಲೆಗರಿಯನ್ನು ಹೇಗೆ ಮುಟ್ಟಬೇಕು, ಹುಳದಿಂದ ಹೇಗೆ ಕಾಯಬೇಕು ಎಂಬುದೂ ಒಂದು ವಿದ್ಯೆ. ನವಾಬರ ಸವಣೂರು ವಿನಾಯಕ ಕೃಷ್ಣ ಗೋಕಾಕರು ಹುಟ್ಟಿ ಓದಿದ ಊರು, ಕನ್ನಡ ಉರ್ದು ಎರಡೂ ಮನೆಮಾತಾದ ಊರು. ಅಲ್ಲಿ ಎರಡೂ ಭಾಷೆಯ ಓದುಗರನ್ನು ಬಲ್ಲವರು ಬೇಕು. ಕನಕದಾಸರ ಬಾಡ, ಷರೀಫರ ಶಿಶುವಿನಹಾಳ ಎರಡೂ ಶಿಗ್ಗಾಂವಿ ತಾಲೂಕಿನವು. ಷರೀಫರ ಹಾಡುಗಳು ಪುಸ್ತಕವಾಗುವ ಮೊದಲು ಬಾಯಿಂದ ಬಾಯಿಗೆ ಬಂದವು. ದೊಡ್ಡಾಟದ ಪ್ರತಿಗಳು, ಭಜನಾ ಮೇಳದ ಕೈಬರಹದ ನೋಟುಬುಕ್ಕುಗಳು ಇನ್ನೂ ಮನೆಗಳ ಅಟ್ಟದ ಮೇಲಿವೆ. ಅಂಗಡಿಯಲ್ಲಿ ಸಿಗದ, ಬೆಲೆ ಇಲ್ಲದ ಇಂಥ ಪುಸ್ತಕವನ್ನು ರಿಜಿಸ್ಟರಿಗೆ ಹೇಗೆ ಏರಿಸುವುದು?

ಅದೇ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೇ, 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ನಾಲ್ಕೂ ತಾಲೂಕಿನ ಮೇಲ್ವಿಚಾರಕರು ವರ್ಷಕ್ಕೆರಡು ದಿನ ಅಲ್ಲಿ ಸೇರಿದರೆ, ಜಿಲ್ಲಾ ಪಂಚಾಯಿತಿಯಲ್ಲಿ ಅವರ ಹೆಸರಿನ ಮುಂದೆ ಆ ಎರಡು ದಿನದ ಕಲಿಕೆ ದಾಖಲಾದರೆ, ಪಟ್ಟಿ ಶುರುವಾಗಿಬಿಡುತ್ತದೆ. ಅದಕ್ಕೆ ದಿಲ್ಲಿಯ ಕಾಯ್ದೆಯ ದಾರಿ ಕಾಯಬೇಕಿಲ್ಲ. ಬರುವಾಗ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕೈಬರಹದ ಭಜನಾ ಪುಸ್ತಕವನ್ನು, ಮನೆಯವರನ್ನು ಕೇಳಿ, ಬಟ್ಟೆಯಲ್ಲಿ ಸುತ್ತಿಕೊಂಡು ತರಲಿ. ಅದಕ್ಕೊಂದು ಸಂಖ್ಯೆ ಕೊಡುವುದೇ ಮೊದಲ ಪಾಠ.