ಹಿಮ್ಮಡಿಯ ಹುರಿ ಹರಿದಾಗ

ಬಡಗುತಿಟ್ಟಿನ ಯಕ್ಷಗಾನದ ಎರಡು ಶೈಲಿಗಳಿಗೆ ಹೆಸರು ಕೊಟ್ಟ ಹಾರಾಡಿ, ಮಟಪಾಡಿಗಳು ಬ್ರಹ್ಮಾವರದ ಮಗ್ಗುಲಲ್ಲೇ ಇವೆ. ಅಲ್ಲಿಂದ ಕುಂದಾಪುರವನ್ನು ದಾಟಿ ಬೈಂದೂರಿನವರೆಗೆ, ದೀಪಾವಳಿ ಕಳೆದು ಮಳೆಗಾಲ ಸಮೀಪಿಸುವ ತನಕ, ಚಂಡೆಯ ಸದ್ದಿಲ್ಲದ ಇರುಳು ವಿರಳ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯ ಮೇಳಗಳು ಊರಿಂದೂರಿಗೆ ತಿರುಗುತ್ತಿರುತ್ತವೆ. ಪ್ರೇಕ್ಷಕರ ಕಣ್ಣು ಕೇದಗೆಮುಂದಲೆಯ ಮೇಲೆ, ಕಿವಿ ಭಾಗವತರ ಪದದ ಮೇಲೆ. ಆಟವನ್ನು ಹೊತ್ತ ಕಾಲಿನ ಕಡೆಗೆ ನೋಡುವವರು ಕಡಮೆ.

ಅಭಿಮನ್ಯುವೊ ಬಭ್ರುವಾಹನನೊ ಆಗಿ ಬಂದ ಪುಂಡುವೇಷದವನು ಕುಣಿಕುಣಿದು ನೆಗೆಯುವಾಗ ಮೀನಖಂಡದ ಬಲವೆಲ್ಲ ಹಿಮ್ಮಡಿಗೆ ಇಳಿಯುವುದು ಒಂದೇ ಹುರಿಯ ಮೂಲಕ. ಸ್ನಾಯುವನ್ನು ಮೂಳೆಗೆ ಬಿಗಿಯುವ ಇಂಥ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ಶರೀರದ ಸ್ನಾಯುರಜ್ಜುಗಳಲ್ಲೆಲ್ಲ ಇದೇ ದಪ್ಪ, ಇದೇ ಗಟ್ಟಿ. ಗ್ರೀಕ್ ವೀರ ಅಕಿಲೀಸನಿಗೆ ಹಿಮ್ಮಡಿಯೇ ಮರ್ಮಸ್ಥಾನವಾಗಿತ್ತೆಂಬ ಕಥೆಯಿಂದ ಪಾಶ್ಚಾತ್ಯರು ಇದಕ್ಕೆ ಅವನ ಹೆಸರನ್ನಿಟ್ಟರು. ನಮ್ಮ ಶ್ರೀಕೃಷ್ಣನಿಗೂ ಬೇಡನ ಬಾಣ ತಾಗಿದ್ದು ಪಾದಕ್ಕೇ ಅಲ್ಲವೆ!

ಇಷ್ಟು ಗಟ್ಟಿಯಾದುದೂ ಹರಿಯುವುದುಂಟು. ಹಿಮ್ಮಡಿಯ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ಇದರ ರಕ್ತಸಂಚಾರ ತೆಳು. ಹರಿಯುವುದು ಹೆಚ್ಚಾಗಿ ಅಲ್ಲಿಯೇ, ಅದೂ 30ರಿಂದ 50ರ ವಯಸ್ಸಿನೊಳಗೆ. ಆ ಕ್ಷಣದಲ್ಲಿ ಹಿಂದಿನಿಂದ ಯಾರೋ ಒದ್ದಂತಾಗಿ ಮನುಷ್ಯ ತಿರುಗಿ ನೋಡುತ್ತಾನೆ. ಯಾರೂ ಇರುವುದಿಲ್ಲ! ಬೆರಳುಗಳನ್ನು ಮಡಿಸುವ ಇತರ ಸ್ನಾಯುಗಳ ನೆರವಿನಿಂದ ಕುಂಟುತ್ತ ಚೌಕಿಗೆ ನಡೆದೂ ಹೋದಾನು. ನಡೆದನಲ್ಲ, ಹಾಗಾದರೆ ಬರಿಯ ಉಳುಕು ಎಂದು ಎಲ್ಲರೂ ಎಣ್ಣೆ ತಿಕ್ಕುತ್ತಾರೆ. ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲೇ ಆರಂಭವಾಯಿತು. ಬೈಂದೂರಿನಿಂದಲೂ ಅದು ಬಸ್ಸಿನ ದಾರಿಯೇ. ತಡ ಮಾಡಿಸುವುದು ದೂರವಲ್ಲ, ಉಳುಕೆಂಬ ಮಾತು.

ನಿಜವಾದ ಉಳುಕಿನಲ್ಲಿ ನೋಯುವುದು ಮೂಳೆಯನ್ನು ಮೂಳೆಗೆ ಬಿಗಿಯುವ ಅಸ್ಥಿಬಂಧ, ಬಹುಮಟ್ಟಿಗೆ ಕಣಕಾಲಿನ ಹೊರಮಗ್ಗುಲಿನದು. ಅದು ಸಾಮಾನ್ಯವಾಗಿ ಕಟ್ಟು, ವ್ಯಾಯಾಮಗಳಿಂದಲೇ ವಾಸಿಯಾಗುತ್ತದೆ. ಕಾಲು ಪದೇ ಪದೇ ಹೊರಳುವವರಿಗೆ ಮಾತ್ರ, ಸ್ವೀಡನ್ನಿನ ಬ್ರೋಸ್ಟ್ರೋಮ್ 1966ರಲ್ಲಿ ವಿವರಿಸಿದ ಕ್ರಮದಂತೆ, ಅದನ್ನು ಹೊಲಿದು ಬಿಗಿಗೊಳಿಸುತ್ತಾರೆ.

ಹುರಿ ಹರಿದಿದೆಯೆ ಎಂದು ತಿಳಿಯಲು ಒಳ್ಳೆಯದೊಂದು ಪರೀಕ್ಷೆಗೆ ಯಂತ್ರವೇ ಬೇಡ. ರೋಗಿಯನ್ನು ಬೋರಲು ಮಲಗಿಸಿ, ಪಾದವನ್ನು ಮಂಚದ ಅಂಚಿನಿಂದಾಚೆಗೆ ಬಿಟ್ಟು, ವೈದ್ಯರು ಮೀನಖಂಡವನ್ನು ಹಿಸುಕುತ್ತಾರೆ. ಹುರಿ ಸರಿಯಿದ್ದರೆ ಪಾದ ಕೆಳಕ್ಕೆ ಬಾಗುತ್ತದೆ, ಹರಿದಿದ್ದರೆ ಅಲುಗದು. ಸಿಮಂಡ್ಸ್ 1957ರಲ್ಲಿ, ಥಾಂಪ್ಸನ್ 1962ರಲ್ಲಿ ಇದನ್ನು ಬರೆದರು.

ಮುಂದಿನದು ಶಸ್ತ್ರವೊ, ಬರಿಯ ಕಟ್ಟೊ ಎಂಬ ಪ್ರಶ್ನೆ. ನಾರ್ವೆಯಲ್ಲಿ 526 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಂತೆ, ವರ್ಷದ ಕೊನೆಯಲ್ಲಿ ಕಾಲಿನ ಉಪಯೋಗ ಎರಡರಲ್ಲೂ ಸರಿಸಮ. ಆದರೆ ಶಸ್ತ್ರವಿಲ್ಲದವರಲ್ಲಿ ನೂರಕ್ಕೆ 6.2 ಮಂದಿಗೆ ಹುರಿ ಮತ್ತೆ ಹರಿಯಿತು; ಶಸ್ತ್ರವಾದವರಲ್ಲಿ 0.6. ನರಕ್ಕೆ ಪೆಟ್ಟಾಗುವುದು ಶಸ್ತ್ರದಲ್ಲೇ ಹೆಚ್ಚು. ಮೇಜಿನ ಮುಂದೆ ಕುಳಿತು ದುಡಿಯುವವರು ಧಾರಾಳವಾಗಿ ಕಟ್ಟನ್ನು ಆರಿಸಿಕೊಳ್ಳಬಹುದು. ನೆಗೆತವೇ ಅನ್ನವಾದವನಿಗೆ ಆ ಆರು ಮಂದಿಯ ಲೆಕ್ಕ ಸಣ್ಣದಲ್ಲ.

ಎರಡಕ್ಕೂ ಬೇಗ ಬಂದವರೇ ಬೇಕು. ಹೊಸ ಗಾಯವಾದರೆ, ಹಿಂದುಗಡೆ ಸೀಳಿ, ಹೊರಬದಿಯ ನರವನ್ನು ತಪ್ಪಿಸಿ, ತುದಿಗಳೆರಡನ್ನೂ ಕೂಡಿಸಿ ಹೊಲಿದರಾಯಿತು. ತಿಂಗಳು ಮೀರಿತೋ, ತುದಿಗಳು ಸರಿದು ನಡುವೆ ಕಲೆ ತುಂಬಿಕೊಳ್ಳುತ್ತದೆ. ಆಗ ಹೆಬ್ಬೆರಳಿನ ಹುರಿಯನ್ನು ಹಿಮ್ಮಡಿಗೆ ತಂದು ಜೋಡಿಸುವಂಥ ದೊಡ್ಡ ಕೆಲಸವೂ ಬೇಕಾಗಬಹುದು.

ಹೊಲಿಗೆಯ ಮೇಲೆ ಪಾದವನ್ನು ಕೆಳಮುಖವಾಗಿರಿಸಿ ಕಟ್ಟುತ್ತಾರೆ. ವಾರಗಳು ಕಳೆದಂತೆ ಮೆಲ್ಲಮೆಲ್ಲನೆ ಮೇಲಕ್ಕೆ ತರುತ್ತಾರೆ. ಕುಣಿತಕ್ಕೆ ಮರಳಲು ಆರು ತಿಂಗಳು, ಕೆಲವರಿಗೆ ವರ್ಷ. ಮೇಳದ ಒಂದು ತಿರುಗಾಟವೂ ಸುಮಾರು ಅಷ್ಟೇ ಕಾಲದ್ದು. ಗಾಯಗೊಂಡ ಕಾಲೊಂದರ ಮೇಲೆಯೇ ನಿಂತು ಹಿಮ್ಮಡಿಯನ್ನು ಮತ್ತೆ ಮತ್ತೆ ಎತ್ತಿ ಇಳಿಸಲು ಬಂದ ಮೇಲೆಯೇ ನೆಗೆತದ ಅಭ್ಯಾಸ; ಗೆಜ್ಜೆ ಕಟ್ಟುವುದು ಅದಕ್ಕೂ ಆಮೇಲೆ.