ಧಾ ಧೀ ನಾ, ಒಂದು ಎರಡು ಮೂರು

ನಮ್ಮ ಓಣಿಯ ಭಜನಿ ಮೇಳದಲ್ಲಿ ತಬಲಾ ನುಡಿಸುವ ಕಾಕಾಗೆ ಒಂದು ಸಂಜೆ ಮೊಬೈಲಿನಲ್ಲಿ ವಾಲ್ಟ್ಜ್ ಕುಣಿತ ತೋರಿಸಿದೆ. ಕರಿ ಸೂಟಿನ ಗಂಡಸು, ನೆಲ ಗುಡಿಸುವಷ್ಟು ಉದ್ದದ ಗೌನಿನ ಹೆಂಗಸು, ಒಬ್ಬರ ತೋಳಲ್ಲಿ ಒಬ್ಬರು ತಿರುಗುತ್ತಿದ್ದರು. ‘ಇದೇನು ನಾಚಿಕಿಗೇಡು’ ಎಂದಾರು ಅಂತ ಉತ್ತರ ಜೋಡಿಸಿಕೊಂಡೇ ಕೂತಿದ್ದೆ. ಕಾಕಾ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಬೆರಳು ತೊಡೆಯ ಮೇಲೆ ಆಡತೊಡಗಿದವು.

‘ಇದು ದಾದ್ರಾ ಅಲ್ಲೇನೋ ತಮ್ಮಾ?’

ಪುಣೆಗೆ ನೌಕರಿಗೆ ಹೋಗಿ, ಅಲ್ಲೊಂದು ಸಂಜೆ ಕ್ಲಾಸಿಗೆ ದುಡ್ಡು ಕಟ್ಟಿ, ಮೂರು ವಾರ ಎಡಗಾಲು ಬಲಗಾಲು ಗೊತ್ತಾಗದೆ ಒದ್ದಾಡಿದ್ದ ನನಗೆ ಈ ಮಾತು ಅಲ್ಲಿ ಯಾರೂ ಹೇಳಿರಲಿಲ್ಲ. ದಾದ್ರಾ ತಾಳಕ್ಕೆ ಆರು ಮಾತ್ರೆ. ಮೂರರ ಎರಡು ಭಾಗ; ಮೊದಲ ಮಾತ್ರೆಗೆ ಸಮ, ನಾಲ್ಕನೆಯದಕ್ಕೆ ಖಾಲಿ. ವಾಲ್ಟ್ಜ್ ಸಂಗೀತದ ಲೆಕ್ಕ ಮೂರರದು, ಒತ್ತು ಒಂದನೆಯದಕ್ಕೆ. ಆದರೆ ಹೊಸಬರಿಗೆ ಮೊದಲ ದಿನ ಕಲಿಸುವ ‘ಬಾಕ್ಸ್’ ಹೆಜ್ಜೆ ಮುಗಿಯಲು ಆರು ಎಣಿಕೆ ಬೇಕು. ಎಡಗಾಲು ಮುಂದಕ್ಕೆ, ಬಲಗಾಲು ಬಲ ಮಗ್ಗುಲಿಗೆ, ಎಡಗಾಲು ಬಂದು ಅದನ್ನು ಕೂಡಬೇಕು: ಧಾ ಧೀ ನಾ. ಬಲಗಾಲು ಹಿಂದಕ್ಕೆ, ಎಡಗಾಲು ಎಡ ಮಗ್ಗುಲಿಗೆ, ಬಲಗಾಲು ಬಂದು ಕೂಡಬೇಕು: ಧಾ ತೂ ನಾ. ನೆಲದ ಮೇಲೊಂದು ಚೌಕ, ತಬಲಾದ ಮೇಲೊಂದು ಆವರ್ತನ. ಸಮಕ್ಕೆ ಮುಂದೆ ಹೋದ ಕಾಲು ಖಾಲಿಗೆ ಹಿಂದೆ ಬರುತ್ತದೆ. ಎದುರು ನಿಂತವರದೂ ಇದೇ ಚೌಕ, ಅವರದು ಮಾತ್ರ ಹಿಂದಿನ ಹೆಜ್ಜೆಯಿಂದ ಶುರು. ಶಾಲೆಯಲ್ಲಿ ಉತ್ಸಾಹ ರಗಳೆಗೆ ಮೂರು ಮೂರು ಮಾತ್ರೆಯ ಗಣ ಹಾಕಿದವರಿಗೂ ಈ ನಡೆ ಹೊಸದಲ್ಲ.

ಬಾಲ್‌ರೂಮ್ ನೃತ್ಯ ಅಂದರೆ ಜೋಡಿಯಾಗಿ, ದೊಡ್ಡ ಹಾಲಿನಲ್ಲಿ, ಹಲವು ಜೋಡಿಗಳ ನಡುವೆ ಕುಣಿಯುವುದು. ವೇದಿಕೆಯ ಕಲೆಯಲ್ಲ ಅದು. ಮದುವೆ, ಹಬ್ಬ, ಕ್ಲಬ್ಬಿನ ಸಂಜೆಗಳದು. ಇವತ್ತಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹತ್ತು ಬಗೆ ಇವೆ. ವಾಲ್ಟ್ಜ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಜ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಒಂದು ಪಂಗಡ. ಚಾ ಚಾ, ಸಾಂಬಾ, ರುಂಬಾ, ಪಾಸೊ ದೋಬ್ಲೆ, ಜೈವ್ ಇನ್ನೊಂದು, ಲ್ಯಾಟಿನ್. ವಾಲ್ಟ್ಜಿನ ಬೇರು ಆಸ್ಟ್ರಿಯಾ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗರ ಕುಣಿತದಲ್ಲಿದೆ. ಅದು ಲಂಡನ್ನಿನ ರಾಜಮನೆತನದ ಕೂಟಕ್ಕೆ ಬಂದಾಗ, 1816ರ ಜುಲೈನಲ್ಲಿ, ಅಲ್ಲಿಯ ‘ಟೈಮ್ಸ್’ ಪತ್ರಿಕೆ ಇದು ಅಸಭ್ಯ ಎಂದು ಬರೆಯಿತು. ನಮ್ಮ ಕಡೆ ಹಿರಿಯರು ಏನಂದಾರು ಎಂದು ಅಂಜುವವರು ಈ ಇಸವಿ ನೆನಪಿಟ್ಟುಕೊಳ್ಳಬಹುದು. ಹೆಜ್ಜೆಗಳನ್ನು ಪಾಠಪುಸ್ತಕದಂತೆ ಕಟ್ಟುನಿಟ್ಟು ಮಾಡಿದ್ದೂ ಅದೇ ಇಂಗ್ಲೆಂಡ್, 1920ರ ದಶಕದಲ್ಲಿ.

ಕರ್ನಾಟಕಕ್ಕೆ ಇದು ದಂಡು, ರೈಲು, ಗಣಿಗಳ ಬೆನ್ನು ಹತ್ತಿ ಬಂತು. ಬೆಂಗಳೂರು ದಂಡಿನ ಕ್ಲಬ್ಬುಗಳು, ಕೋಲಾರದ ಚಿನ್ನದ ಗಣಿ, ರೈಲ್ವೆ ಇನ್‌ಸ್ಟಿಟ್ಯೂಟುಗಳ ಮರದ ನೆಲ, ಅಲ್ಲಿ ಕ್ರಿಸ್‌ಮಸ್‌ಗೆ ಕುಣಿದ ಆಂಗ್ಲೋ ಇಂಡಿಯನ್ ಕುಟುಂಬಗಳು. ಮಂಗಳೂರಿನ ಕೊಂಕಣಿ ಕ್ರೈಸ್ತರ ಮದುವೆಯಲ್ಲಿ ಇಂದಿಗೂ ಮದುಮಕ್ಕಳು ಜೋಡಿಯಾಗಿ ಮೊದಲ ಕುಣಿತಕ್ಕೆ ಇಳಿಯುತ್ತಾರೆ. ನಮ್ಮೂರು ಅಥಣಿಯ ಜನರಿಗೆ ಇದೆಲ್ಲ ದೂರದ ಮಾತು, ಒಪ್ಪುತ್ತೇನೆ. ಆದರೆ ಕುಣಿತವನ್ನು ಬಿಡಿಸಿ ನೋಡಿದರೆ ಅದರ ಬಿಡಿ ಭಾಗಗಳು ನಮ್ಮ ಅಂಗಳದಲ್ಲೇ ಬಿದ್ದಿವೆ.

ಫುಗಡಿ ನೋಡಿ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ಎದುರುಬದುರು ನಿಂತು, ಕಾಲ ಬೆರಳಿಗೆ ಬೆರಳು ಹಚ್ಚಿ, ಕೈ ಅಡ್ಡ ಮಾಡಿ ಹಿಡಿದು, ಹಿಂದಕ್ಕೆ ಬಾಗಿ ಗರಗರ ತಿರುಗುತ್ತಾರೆ. ಇಬ್ಬರಲ್ಲಿ ಒಬ್ಬಳು ಕೈ ಸಡಿಲು ಬಿಟ್ಟರೆ ಇಬ್ಬರೂ ನೆಲಕ್ಕೆ. ಒಬ್ಬಳು ಜಾಸ್ತಿ ಜಗ್ಗಿದರೆ ತಿರುಗಣಿ ಸೊಟ್ಟ. ತೋಳು ಕಬ್ಬಿಣದಂತೆ ಬಿಗಿಯೂ ಆಗಬಾರದು, ಒದ್ದೆ ಅರಿವೆಯಂತೆ ಜೋಲೂ ಬೀಳಬಾರದು. ಬಾಲ್‌ರೂಮ್ ಕ್ಲಾಸಿನಲ್ಲಿ ‘ಫ್ರೇಮ್, ಫ್ರೇಮ್’ ಎಂದು ವಾರಗಟ್ಟಲೆ ಕೂಗುವುದು ಈ ಹದಕ್ಕೇ. ವಾಲ್ಟ್ಜಿನಲ್ಲಿ ಹಾಗೆ ಹಿಂದಕ್ಕೆ ಜೋತು ಬೀಳುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು, ಅಷ್ಟು ವ್ಯತ್ಯಾಸ. ಗಂಡಸಿನ ಎಡಗೈ ಹೆಂಗಸಿನ ಬಲಗೈಯನ್ನು ಹಿಡಿದಿರುತ್ತದೆ, ಅವನ ಬಲಗೈ ಅವಳ ಬೆನ್ನಿನ ಮೇಲುಭಾಗದಲ್ಲಿ, ಅವಳ ಎಡಗೈ ಅವನ ತೋಳಿನ ಮೇಲೆ. ಎತ್ತ ಹೋಗುವುದೆಂಬ ಸುದ್ದಿ ಕೈಯಿಂದ ಜಗ್ಗಿ ಹೇಳುವುದಲ್ಲ, ಎದೆ ತಿರುಗಿದತ್ತ ತೋಳಿನ ಚೌಕಟ್ಟು ತಾನೇ ತಿರುಗುತ್ತದೆ. ಪುಣೆಯಲ್ಲಿ ನನ್ನ ಜೋಡಿಯಾಗಿದ್ದ ಹೆಣ್ಣುಮಗಳ ಮಣಿಕಟ್ಟನ್ನು ಜಗ್ಗಿ ಜಗ್ಗಿ ನೋಯಿಸಿದ್ದು ನಾನು. ಮೊದಲೇ ಯಾರಾದರೂ ‘ಫುಗಡಿ’ ಅಂದಿದ್ದರೆ ಆಕೆಯ ಕೈ ಉಳಿಯುತ್ತಿತ್ತು.

ಹೊಸಬರ ನಿಜವಾದ ಕಷ್ಟ ನಡೆಯುವುದು. ಕುಣಿತ ಕಲಿಯಲು ಹೋದವರಿಗೆ ಮೊದಲ ತಾಸು ಬರೀ ನಡೆಸುತ್ತಾರೆ; ನಗು ಬರುತ್ತದೆ, ಆಮೇಲೆ ಸಿಟ್ಟು. ಮುಂದೆ ಇಡುವ ಹೆಜ್ಜೆಗೆ ಹಿಮ್ಮಡ ಮೊದಲು ನೆಲ ಮುಟ್ಟಬೇಕು. ಹಿಂದೆ ಇಡುವ ಹೆಜ್ಜೆ ಮೊಣಕಾಲಿನಿಂದ ಅಲ್ಲ, ಟೊಂಕದಿಂದ ಹೊರಡಬೇಕು, ಇಲ್ಲವಾದರೆ ಎದುರಿನವರ ಬೂಟು ನಿಮ್ಮ ಬೆರಳ ಮೇಲೆ. ಕಣ್ಣು ಕೆಳಗಿಟ್ಟರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಚೌಕಟ್ಟು ಮುರಿಯುತ್ತದೆ. ಹಾಲಿನಲ್ಲಿ ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ, ಗುಡಿಯ ಪ್ರದಕ್ಷಿಣೆಗೆ ಸರೀ ಉಲ್ಟಾ. ನಾನು ಮೊದಲ ಸಲ ರೂಢಿಯಂತೆ ಹೊರಟು ಇಬ್ಬರಿಗೆ ಡಿಕ್ಕಿ ಹೊಡೆದೆ.

ಮನೆಯಲ್ಲಿ ರೂಢಿ ಮಾಡುವವರಿಗೆ ಶಹಾಬಾದ್ ಫರಸಿಯ ನೆಲ ಸಾಕು, ಸಾಕ್ಸ್ ಹಾಕಿಕೊಂಡರೆ ಚೆನ್ನಾಗಿ ಜಾರುತ್ತದೆ. ಆದರೆ ಕಲ್ಲು ಮರದಂತೆ ಪುಟಿಯುವುದಿಲ್ಲ, ಅರ್ಧ ತಾಸಿಗೆ ಮೊಣಕಾಲು ದೂರು ಹೇಳುತ್ತದೆ. ಮೊಬೈಲ್ ನೋಡಿ ಕಲಿಯುವುದಾದರೆ ಕಲಿಸುವವರ ಬೆನ್ನು ಕಾಣುವ ವಿಡಿಯೊ ಹುಡುಕಿ. ಎದುರು ನಿಂತವರನ್ನು ನೋಡಿ ಕಲಿತರೆ ಎಡ ಬಲ ಆಗುತ್ತದೆ. ಬಾಯಿಬಿಟ್ಟು ಎಣಿಸಲು ನಾಚಬೇಡಿ. ಒಂದು ತಿಂಗಳು ವಾಲ್ಟ್ಜಿನ ಚೌಕ ಒಂದೇ ಸಾಕು; ಹತ್ತೂ ಬಗೆಯನ್ನು ಒಟ್ಟಿಗೆ ಕಲಿಸುತ್ತೇವೆ ಅನ್ನುವವರ ಬಾಗಿಲಿಂದ ಹಿಂದೆ ಬನ್ನಿ.

ಇನ್ನು ಕಾಲಿಗೆ ಏನು? ಅಥಣಿಯವರ ಮುಂದೆ ಈ ಮಾತು ಎತ್ತಿದರೆ ಬೇಗ ಮುಗಿಯುವುದಿಲ್ಲ. ಜಗತ್ತು ‘ಕೊಲ್ಹಾಪುರಿ’ ಅನ್ನುವ ಚಪ್ಪಲಿ ಎಷ್ಟೋ ಸಲ ಅಥಣಿ, ನಿಪ್ಪಾಣಿ, ಮದಭಾವಿಯ ಕೈಗಳಲ್ಲಿ ಹೊಲಿದದ್ದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಹೆಸರು ಮಾತ್ರ ಕೊಲ್ಹಾಪುರದ್ದೇ ಉಳಿಯಿತು. ಮೊಳೆ ಇಲ್ಲದೆ ಚರ್ಮದ ದಾರದಲ್ಲೇ ಹೊಲಿಯುವ, ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಈ ಚಪ್ಪಲಿಯ ಅಟ್ಟೆ ಚರ್ಮದ್ದೇ. ಬಾಲ್‌ರೂಮ್ ಬೂಟಿನ ಅಟ್ಟೆಯೂ ಚರ್ಮ, ಆದರೆ ನುಣುಪು ಮಗ್ಗುಲು ಒಳಗೆ, ಒರಟು ಮಗ್ಗುಲು ಹೊರಗೆ. ಜಾರಲೂ ಬೇಕು, ಜಾರಿ ಬೀಳಲೂಬಾರದು, ಅದಕ್ಕೆ. ರಬ್ಬರಿನ ಅಟ್ಟೆಯಾದರೆ ಕಾಲು ನೆಲಕ್ಕೆ ಅಂಟಿ, ಮೈ ತಿರುಗಿ, ಮೊಣಕಾಲು ಉಳುಕುತ್ತದೆ. ನಮ್ಮ ಚಪ್ಪಲಿಯ ತೊಡಕು ಅಟ್ಟೆಯಲ್ಲ, ಹಿಂದೆ ಪಟ್ಟಿ ಇಲ್ಲದ್ದು. ನಾನು ಅಥಣಿ ಚಪ್ಪಲಿ ಮೆಟ್ಟಿಯೇ ಒಮ್ಮೆ ಪ್ರಯತ್ನ ಮಾಡಿದೆ. ಎರಡನೇ ಸುತ್ತಿಗೆ ಎಡಗಾಲಿನದು ಹಾರಿ ಕುರ್ಚಿಯ ಕೆಳಗೆ ಹೋಯಿತು. ಊರಿಗೆ ಬಂದಾಗ ಚಪ್ಪಲಿ ಹೊಲಿಯುವ ಮಾವನೊಬ್ಬರಿಗೆ ಇದನ್ನು ವಿವರಿಸಿದೆ. ಚರ್ಮದ ಒರಟು ಮಗ್ಗುಲು ಹೊರಗೆ ಬರಬೇಕು ಅಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಉಲ್ಟಾ ಹೊಲಿ ಅಂತೀಯೇನು?’ ಅಂದರು.

ಜೋಡಿ ಸಿಗದ ಸಂಗತಿಯೂ ಇದೆ. ಅಥಣಿಯಂಥ ಊರಲ್ಲಿ ಗಂಡು ಹೆಣ್ಣು ನಾಲ್ಕು ಜನರೆದುರು ತೋಳು ಹಿಡಿದು ನಿಲ್ಲುವುದು ಸುಲಭವಲ್ಲ. ಹಾಗಂತ ಕಾಯಬೇಕಿಲ್ಲ. ಹೆಂಗಸರು ಹೆಂಗಸರೊಡನೆ, ಗಂಡಸರು ಗಂಡಸರೊಡನೆ ರೂಢಿ ಮಾಡಬಹುದು; ಟ್ಯಾಂಗೊ ಹುಟ್ಟಿದ ಬ್ಯೂನಸ್ ಐರಿಸ್‌ನಲ್ಲೇ ಗಂಡಸರು ಗಂಡಸರೊಡನೆ ಕಲಿಯುತ್ತಿದ್ದರು. ಎರಡೂ ಕಡೆಯ ಹೆಜ್ಜೆ ಗೊತ್ತಿರುವವರು ಮುಂದೆ ಒಳ್ಳೆಯ ಜೋಡಿಯಾಗುತ್ತಾರೆ ಎಂಬುದು ಬೇರೆ ಲಾಭ. ಗಂಡ ಹೆಂಡತಿ ಒಟ್ಟಿಗೆ ಕಲಿಯುವುದು ಒಳ್ಳೆಯದು ಅನ್ನುತ್ತಾರೆ. ಜಗಳವಾಡದೆ ಕಲಿತವರನ್ನು ನಾನು ನೋಡಿಲ್ಲ.

ಕಾಕಾಗೆ ಆಮೇಲೆ ಫಾಕ್ಸ್‌ಟ್ರಾಟ್ ತೋರಿಸಿದೆ. ಸಂಗೀತ ನಾಲ್ಕರ ಲೆಕ್ಕ, ‘ಕೇರವಾ’ ಅಂದರು ಕೂಡಲೇ. ಆದರೆ ಹೊಸಬರ ಹೆಜ್ಜೆ ನಿಧಾನ, ನಿಧಾನ, ಚುರುಕು, ಚುರುಕು: ಎರಡು, ಎರಡು, ಒಂದು, ಒಂದು, ಒಟ್ಟು ಆರು. ಸಂಗೀತದ ನಾಲ್ಕು, ಕಾಲಿನ ಆರು, ಎರಡೂ ಕೂಡುವುದು ಹನ್ನೆರಡಕ್ಕೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಸೋತದ್ದು ಇಲ್ಲಿಯೇ. ಕಾಕಾ ಬೆರಳು ಮಡಚಿ ಬಿಚ್ಚಿ, ತಿಹಾಯಿ ಮುಗಿಸಿ ಸಮಕ್ಕೆ ಬಿದ್ದವರಂತೆ ತೊಡೆ ತಟ್ಟಿ ನಕ್ಕರು.

ಕಡೆಗೆ ವಿಯೆನ್ನೀಸ್ ವಾಲ್ಟ್ಜ್. ಸಾಮಾನ್ಯ ವಾಲ್ಟ್ಜಿನಲ್ಲಿ ನಿಮಿಷಕ್ಕೆ 84ರಿಂದ 90 ಮಾತ್ರೆ, ಇದರಲ್ಲಿ 180ರ ಆಸುಪಾಸು. ಗೌನುಗಳು ಬುಗುರಿಯಾಗಿ ತಿರುಗುತ್ತಿದ್ದವು. ಕಾಕಾ ಮೊಬೈಲ್ ವಾಪಸು ಕೊಟ್ಟರು.

‘ಇದು ದ್ರುತ್ ಆತಪಾ. ಮೊದಲಿಂದ ಹಚ್ಚು, ಅದರಾಗ ಉಸರ ಇತ್ತು.’